ಮುಗ್ಗಲು ಹಿಡಿದ ಪುಸ್ತಕಗಳು

ಬೇಡದ ವಾಸನೆಗಳಿಗೆ ಕನ್ನಡದಲ್ಲಿ ಹೆಸರುಗಳು ಬಹಳ. ಎಣ್ಣೆ ಹಳತಾದರೆ ಕಮಟು, ಒಗ್ಗರಣೆ ಹೊತ್ತಿದರೆ ಕಮರು, ಹಾಲು ತಳ ಹಿಡಿದರೆ ಸೀದ ವಾಸನೆ, ಅಕ್ಕಿಬೇಳೆಗಳಿಗೆ ತೇವ ತಗುಲಿ ಗಾಳಿಯಾಡದೆ ಹೋದರೆ ಮುಗ್ಗಲು. ಹೆಸರನ್ನು ಕೇಳಿದ ಮಾತ್ರಕ್ಕೆ ಕಾರಣವೂ ತಿಳಿದುಬಿಡುತ್ತದೆ. ಅಕ್ಕಿಯ ಡಬ್ಬದಿಂದ ಮುಗ್ಗಲು ವಾಸನೆ ಬಂದರೆ ಯಾವ ಗೃಹಿಣಿಯೂ ಅದರ ಮೇಲೆ ಪನ್ನೀರು ಚಿಮುಕಿಸುವುದಿಲ್ಲ. ಮುಚ್ಚಳ ಸಡಿಲವಾಗಿದೆಯೆ, ಡಬ್ಬ ಒದ್ದೆ ಗೋಡೆಗೆ ತಾಗಿದೆಯೆ ಎಂದು ನೋಡುತ್ತಾಳೆ. ತೇವ ಬಂದ ದಾರಿಯನ್ನು ಮೊದಲು ಮುಚ್ಚುತ್ತಾಳೆ. ಆದರೆ ಅದೇ ಮುಗ್ಗಲು ಪುಸ್ತಕದಿಂದ ಬಂದಾಗ ಓದುಬರಹ ಬಲ್ಲ ನಾವು ಈ ಅಡುಗೆಮನೆಯ ವಿವೇಕವನ್ನು ಮರೆತುಬಿಡುತ್ತೇವೆ. ಒಂದೋ ಅದಕ್ಕೆ ಸುಗಂಧವನ್ನು ಪೂಸುತ್ತೇವೆ, ಇಲ್ಲವೆ ಪುಸ್ತಕವನ್ನೇ ಮನೆಯಿಂದ ಹೊರಗೆ ಹಾಕುತ್ತೇವೆ. ಪುಸ್ತಕದ ಮುಗ್ಗಲನ್ನು ಕಳೆಯುವುದೆಂದರೆ ಅದರ ತೇವವನ್ನು ಕಳೆಯುವುದು. ಈ ಹೊತ್ತು ನಾನು ಹೇಳಬೇಕೆಂದಿರುವುದು ಈ ಒಂದೇ ಮಾತನ್ನು.

ವಿಷಯ ಸಣ್ಣದೆಂದು ಕೆಲವರಿಗೆ ತೋರಬಹುದು. ಕನ್ನಡದ ಹಳೆಯ ಪುಸ್ತಕಗಳು ಕಣ್ಮರೆಯಾಗುವ ಬಗೆಯನ್ನು ಕಂಡವರಿಗೆ ಹಾಗೆ ತೋರಲಾರದು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ್ದು ಮಂಗಳೂರಿನಲ್ಲಿ. 1843ರಲ್ಲಿ ಹರ್ಮನ್ ಮೋಗ್ಲಿಂಗರ 'ಮಂಗಳೂರು ಸಮಾಚಾರ' ಹೊರಟದ್ದೂ ಅಲ್ಲಿಯೇ. ನಮ್ಮ ಅಚ್ಚಿನ ಅಕ್ಷರ ಬೇರೂರಿದ ನೆಲಗಳಲ್ಲಿ ಒಂದು, ವರ್ಷದಲ್ಲಿ ನಾಲ್ಕು ತಿಂಗಳು ಗೋಡೆ ಬೆವರುವ ಕರಾವಳಿ ಎಂದಾಯಿತು. ಮುಂದೆ ಊರೂರಿನ ಸಣ್ಣ ಅಚ್ಚುಕೂಟಗಳಲ್ಲಿ ಐನೂರು, ಸಾವಿರ ಪ್ರತಿಗಳಂತೆ ಕಾದಂಬರಿ, ನಾಟಕ, ಯಕ್ಷಗಾನ ಪ್ರಸಂಗ, ಪಂಚಾಂಗ, ವೈದ್ಯಗ್ರಂಥಗಳು ಅಚ್ಚಾದವು. ಅವುಗಳಲ್ಲಿ ಎಷ್ಟೋ ಗ್ರಂಥಾಲಯಗಳನ್ನು ಸೇರಲೇ ಇಲ್ಲ, ಮನೆಗಳಲ್ಲಿ ಉಳಿದವು. ಗೆದ್ದಲು ತಿಂದ ಪುಸ್ತಕ ಹೋಯಿತೆಂದು ನಾವು ಮರುಗುತ್ತೇವೆ. ವಾಸನೆ ಬರುತ್ತದೆಂದು ನಾವೇ ರದ್ದಿಗೆ ಹಾಕಿದ ಪುಸ್ತಕಗಳ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಮನೆಯವರು ತಮ್ಮ ಮನೆಯ ಪುಸ್ತಕಗಳನ್ನು ನೋಡಲು ನನ್ನನ್ನು ಕರೆಸಿಕೊಂಡಿದ್ದರು. ಮನೆಯ ಯಜಮಾನರು ಬೀರುವಿನಿಂದ ಮಾರುದೂರದಲ್ಲಿ ನಿಂತೇ ಹೇಳಿದರು: "ಅಜ್ಜಯ್ಯನ ಕಾಲದ್ದು ಮೇಷ್ಟ್ರೆ. ಬಾಗಿಲು ತೆಗೆದರೆ ಮನೆಮಂದಿಗೆಲ್ಲ ಸೀನು. ನಾಳೆ ಗುಜರಿಯವನು ಬರ್ತಾನೆ, ನಿಮಗೆ ಬೇಕಾದ್ದನ್ನು ಇವತ್ತೇ ಆರಿಸಿಕೊಂಡುಬಿಡಿ." ಬೀರುವಿನಲ್ಲಿ ಹಳೆಯ ಮಾಸಪತ್ರಿಕೆಗಳ ರಟ್ಟು ಕಟ್ಟಿದ ಸಂಪುಟಗಳಿದ್ದವು, ಹೆಸರೇ ಮರೆತುಹೋದ ಅಚ್ಚುಕೂಟಗಳ ಪ್ರಸಂಗಪುಸ್ತಕಗಳಿದ್ದವು, ಅಂಚಿನ ತುಂಬ ಸೀಸದಕಡ್ಡಿಯಲ್ಲಿ ಟಿಪ್ಪಣಿ ಬರೆದಿದ್ದ ವ್ಯಾಕರಣವೊಂದಿತ್ತು. ಆ ಟಿಪ್ಪಣಿಗಳು ಅವರ ಅಜ್ಜಯ್ಯನವು. ಅದನ್ನು ಮೊಮ್ಮಗನೂ ಓದಿರಲಿಲ್ಲ, ಏಕೆಂದರೆ ಪುಸ್ತಕವನ್ನು ಮೂಗಿನ ಹತ್ತಿರ ತರುವಂತಿರಲಿಲ್ಲ. ಗುಜರಿಯವನನ್ನು ಒಂದು ತಿಂಗಳು ತಡೆಯಿರಿ ಎಂದು ಕೇಳಿಕೊಂಡೆ, ಅವರು ಒಪ್ಪಿದರು. ಆ ಒಂದು ತಿಂಗಳಲ್ಲಿ ಮಾಡಿದ್ದು ಏನು ಎಂಬುದನ್ನೇ ಇನ್ನು ಮುಂದೆ ವಿವರಿಸುತ್ತೇನೆ.

ಮೊದಲು ಒಂದು ವಿವೇಚನೆ ಅಗತ್ಯ. ಹಳೆಯ ಪುಸ್ತಕಕ್ಕೆ ಇರುವುದು ಒಂದು ವಾಸನೆಯಲ್ಲ, ಎರಡು. ಒಂದು ಅದರ ವಯಸ್ಸಿನದು, ಇನ್ನೊಂದು ಅದರ ರೋಗದ್ದು.

ವಯಸ್ಸಿನ ವಾಸನೆ ಕಾಗದದ ಹುಟ್ಟಿನಲ್ಲಿಯೇ ಇರುತ್ತದೆ. ಯುರೋಪಿನಲ್ಲಿ ಹಿಂದೆ ಚಿಂದಿ ಬಟ್ಟೆಯಿಂದ ಕಾಗದವನ್ನು ಮಾಡುತ್ತಿದ್ದರು. 1807ರಲ್ಲಿ ಜರ್ಮನಿಯ ಮೋರಿಟ್ಸ್ ಇಲ್ಲಿಗ್ ಎಂಬಾತ, ಶಾಯಿ ಹರಡದಂತೆ ರಾಳವನ್ನೂ ಪಟಿಕವನ್ನೂ ಕಾಗದದ ತಿಳಿಗೆ ಬೆರೆಸುವ ಕ್ರಮವನ್ನು ಪ್ರಕಟಿಸಿದ. 1840ರ ದಶಕದಲ್ಲಿ ಅದೇ ದೇಶದ ಕೆಲ್ಲರ್ ಮರವನ್ನು ಅರೆದು ತಿಳಿ ಮಾಡುವ ಉಪಾಯವನ್ನು ಕಂಡುಹಿಡಿದ. ಕಾಗದ ಅಗ್ಗವಾಯಿತು; ಪುಸ್ತಕ ಬಡವರ ಮನೆಗೂ ಬಂದಿತು. ಆದರೆ ಪಟಿಕದಿಂದ ಕಾಗದದಲ್ಲಿ ಆಮ್ಲ ಸೇರಿತು, ಮರದಿಂದ ಲಿಗ್ನಿನ್ ಎಂಬ ಅಂಟುವಸ್ತು ಉಳಿಯಿತು. ದಶಕಗಳು ಕಳೆದಂತೆ ಇವೆರಡೂ ಕಾಗದವನ್ನು ಒಳಗಿನಿಂದಲೇ ಸವೆಸುತ್ತವೆ. ಹಾಳೆ ಹಳದಿಯಾಗುತ್ತದೆ, ಮಡಿಸಿದರೆ ಮುರಿಯುತ್ತದೆ, ಹಲವು ಬಗೆಯ ಆವಿಗಳನ್ನು ಬಿಡುತ್ತದೆ. ಲಿಗ್ನಿನ್ ಸವೆದಾಗ ಹುಟ್ಟುವ ವಸ್ತುಗಳಲ್ಲಿ ಒಂದು ವೆನಿಲಿನ್; ಐಸ್‌ಕ್ರೀಮಿನಲ್ಲಿ ನಾವು ಮೆಚ್ಚುವ ವೆನಿಲ್ಲಾದ ಪರಿಮಳ ಅದರದೇ. ಹಳೆಯ ಪುಸ್ತಕದಲ್ಲಿ ತುಸು ಸಿಹಿಯಾಗಿ, ತುಸು ಹುಳಿಯಾಗಿ, ಒಣಮರದಂತೆ ತೋರುವ ಗಂಧ ಇದು.

ಈ ಗಂಧವನ್ನು ವಿಜ್ಞಾನಿಗಳೂ ಗೌರವದಿಂದಲೇ ಕಂಡಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮತಿಯಾ ಸ್ಟರ್ಲಿಚ್ ಮತ್ತು ಅವರ ಸಂಗಡಿಗರು ಹಳೆಯ ಕಾಗದಗಳು ಬಿಡುವ ಆವಿಯನ್ನು ಪರೀಕ್ಷಿಸಿ, ಹಾಳೆಯನ್ನು ಹರಿಯದೆ, ಕತ್ತರಿಸದೆ, ವಾಸನೆಯಿಂದಲೇ ಅದರ ಆರೋಗ್ಯವನ್ನು ತಿಳಿಯಬಹುದೆಂದು 2009ರಲ್ಲಿ ತೋರಿಸಿಕೊಟ್ಟರು. ವೈದ್ಯರು ನಾಡಿ ನೋಡಿದ ಹಾಗೆ. ಮುಂದೆ 2017ರಲ್ಲಿ ಸೆಸಿಲಿಯಾ ಬೆಂಬಿಬ್ರೆ ಅವರೊಡನೆ ಸೇರಿ, ಲಂಡನ್ನಿನ ಸೇಂಟ್ ಪಾಲ್ ಕೆಥೀಡ್ರಲಿನ ಗ್ರಂಥಾಲಯದ ಗಂಧವನ್ನು ಒಂದು ಪರಂಪರೆಯ ಸೊತ್ತೆಂಬಂತೆ ದಾಖಲೆ ಮಾಡಿದರು. ಅಲ್ಲಿಗೆ ಬಂದವರು ಆ ಗಂಧವನ್ನು ಮರದ್ದೆಂದು ಗುರುತಿಸಿದರು. ವಯಸ್ಸಿನ ಈ ವಾಸನೆಯನ್ನು ತೆಗೆಯಲು ಮನೆಯಲ್ಲಿ ಯಾವ ಉಪಾಯವೂ ಇಲ್ಲ. ತೆಗೆಯಬೇಕಾದ ಅಗತ್ಯವೂ ಇಲ್ಲ. ಅಜ್ಜನ ಮುಖದ ಸುಕ್ಕನ್ನು ಇಸ್ತ್ರಿ ಹಾಕಿ ತೆಗೆಯುವವರು ಉಂಟೆ?

ರೋಗದ ವಾಸನೆಯೇ ಬೇರೆ. ಒದ್ದೆ ಮಣ್ಣು, ಅಣಬೆ, ಮುಚ್ಚಿಟ್ಟ ನೆಲಮಾಳಿಗೆ ಇವನ್ನು ನೆನಪಿಗೆ ತರುವ ವಾಸನೆ ಅದು. ಅದರ ಕರ್ತೃ ಬೂಷ್ಟು. ಶಾಸ್ತ್ರದ ಮಾತಿನಲ್ಲಿ ಶಿಲೀಂಧ್ರ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇವೆ. ಅವಿಲ್ಲದ ಮನೆಯಿಲ್ಲ, ಅವಿಲ್ಲದ ಪುಸ್ತಕವೂ ಇಲ್ಲ. ಅವು ಮೊಳೆಯುವುದಕ್ಕೆ ಬೇಕಾದುದು ತೇವ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 60ರ ಕೆಳಗೆ ಇರುವ ತನಕ ಅವು ಸಾಮಾನ್ಯವಾಗಿ ನಿದ್ರಿಸುತ್ತವೆ. 65, 70ನ್ನು ದಾಟಿ ಕೆಲವು ದಿನ ಹಾಗೆಯೇ ನಿಂತರೆ ಎಚ್ಚರಗೊಳ್ಳುತ್ತವೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಮತ್ತು ಮಲೆನಾಡಿನ ಗಾಳಿ ವಾರಗಟ್ಟಲೆ 80ರ ಮೇಲೆಯೇ ಇರುತ್ತದೆ. ಕಾಗದವಾದರೋ ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವ ವಸ್ತು. ಅದರ ರಟ್ಟಿಗೆ ಹಚ್ಚಿದ ಮೈದಾ ಅಂಟು ಬೂಷ್ಟಿಗೆ ಮೃಷ್ಟಾನ್ನ. ಅಂಟು ಕಾಯಿಸುವಾಗ ನಮ್ಮ ಬೈಂಡಿನವರು ಚೂರು ಮೈಲುತುತ್ತವನ್ನು ಬೆರೆಸುತ್ತಿದ್ದುದು ಇದಕ್ಕಾಗಿಯೇ. ಬೂಷ್ಟು ಬೆಳೆಯುತ್ತ ಬಿಡುವ ಆವಿಯೇ ಮುಗ್ಗಲು. ಆದುದರಿಂದ ಮುಗ್ಗಲು ಮೂಗಿಗೆ ಬಂದಿತೆಂದರೆ, ಕಣ್ಣಿಗೆ ಏನೂ ಕಾಣದಿದ್ದರೂ, ತೇವ ಒಳಗೆ ಬಂದು ಕುಳಿತಿದೆ ಎಂದು ತಿಳಿಯಬೇಕು.

ಹೀಗಿರುವಲ್ಲಿ ನಾವು ಮಾಡುತ್ತಿರುವ ಚಿಕಿತ್ಸೆಗಳು ಎಂತಹವು? ಬೀರುವಿನಲ್ಲಿ ಅಗರಬತ್ತಿ ಹಚ್ಚಿಡುತ್ತೇವೆ. ಮುಗ್ಗಲಿನ ಮೇಲೆ ಗಂಧದ ಹೊಗೆ ಕುಳಿತು ಮೂರನೆಯ ವಾಸನೆಯೊಂದು ಹುಟ್ಟುತ್ತದೆ. ಡಾಂಬರು ಗುಳಿಗೆಗಳನ್ನು ಸುರಿಯುತ್ತೇವೆ. ಅವು ಕೆಲವು ಹುಳುಗಳನ್ನು ದೂರ ಇರಿಸಿಯಾವೇ ಹೊರತು ತೇವವನ್ನು ಹೀರಲಾರವು. ಅವುಗಳ ವಾಸನೆ ಕಾಗದಕ್ಕೆ ಹತ್ತಿದರೆ ವರ್ಷಗಟ್ಟಲೆ ಬಿಡದು, ಉಸಿರಿಗೂ ಒಳ್ಳೆಯದಲ್ಲ. ಹಿಂದಿನ ದಶಕಗಳಲ್ಲಿ ಪುಸ್ತಕಗಳ ನಡುವೆ ಡಿ.ಡಿ.ಟಿ., ಗೆಮಾಕ್ಸಿನ್ ಪುಡಿಗಳನ್ನು ಎರಚುವ ರೂಢಿಯಿತ್ತು. ಹಳೆಯ ಸಂಗ್ರಹವೊಂದನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದೆಂಬುದಕ್ಕೆ ಇದೂ ಒಂದು ಕಾರಣ. ಇನ್ನು ಕೆಲವರು ಪುಸ್ತಕವನ್ನು ಹಪ್ಪಳದಂತೆ ನಡುಹಗಲಿನ ಬಿಸಿಲಿಗೆ ಹರವುತ್ತಾರೆ. ವಾಸನೆಯೇನೋ ಕಡಮೆಯಾಗುತ್ತದೆ. ಆದರೆ ಬಿಸಿಲಿನ ಅತಿನೇರಳೆ ಕಿರಣಗಳು ಆಗಲೇ ಸವೆದ ಕಾಗದವನ್ನು ಮತ್ತಷ್ಟು ಸವೆಸುತ್ತವೆ. ರಟ್ಟು ಡೊಂಕಾಗುತ್ತದೆ, ಬೆನ್ನಿನ ಅಂಟು ಬಿರಿಯುತ್ತದೆ. ಧಾನ್ಯಕ್ಕೆ ಹಿತವಾದ ಬಿಸಿಲು ಗ್ರಂಥಕ್ಕೆ ಹಿತವಲ್ಲ.

ತಾಳೆಗರಿಯ ಕಾಲದ ಉಪಾಯಗಳನ್ನು ಕಾಗದಕ್ಕೆ ಹಾಗೆಯೇ ಅನ್ವಯಿಸುವುದೂ ಸರಿಯಲ್ಲ. ಓಲೆಯ ಕಟ್ಟುಗಳ ನಡುವೆ ಬೇವಿನೆಲೆಯನ್ನೂ ಬಜೆಯ ತುಂಡನ್ನೂ ಇಡುತ್ತಿದ್ದರು. ಗರಿ ಬಿರುಸಾಗದಿರಲೆಂದು ಸಿಟ್ರೊನೆಲ್ಲದಂತಹ ಎಣ್ಣೆಯನ್ನು ಸವರುವುದೂ ಉಂಟು. ಬಜೆ, ಬೇವುಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಬೀರುವಿನ ಮೂಲೆಯಲ್ಲಿ ಇಟ್ಟರೆ ತೊಂದರೆಯಿಲ್ಲ. ಹಸಿ ಬೇವಿನೆಲೆಯನ್ನು ಪುಟಗಳ ನಡುವೆ ಇಟ್ಟರೆ ಅದರ ಕರೆ ಹಾಳೆಗೆ ಇಳಿಯುತ್ತದೆ. ಎಣ್ಣೆಯನ್ನಂತೂ ಕಾಗದಕ್ಕೆ ಸೋಕಿಸಲೇಬಾರದು. ನಮ್ಮ ಅಡುಗೆಮನೆಯ ಓಮದ ಎಣ್ಣೆಯಲ್ಲಿರುವ ಥೈಮಾಲ್ ಎಂಬ ವಸ್ತುವಿನ ಆವಿಯನ್ನು ಪತ್ರಾಗಾರಗಳಲ್ಲಿ ಬೂಷ್ಟು ಕೊಲ್ಲಲು ಬಹುಕಾಲ ಬಳಸುತ್ತಿದ್ದರು. ಅದರ ಪರಿಣಾಮ ಶಾಶ್ವತವಲ್ಲ, ಕೆಲಸ ಮಾಡುವವರ ಆರೋಗ್ಯಕ್ಕೂ ಕೆಡುಕು ಎಂಬ ಕಾರಣದಿಂದ ಈಚೆಗೆ ಅದನ್ನು ಬಿಡುತ್ತ ಬಂದಿದ್ದಾರೆ. ಕೊಂದ ಬೂಷ್ಟಿನ ಜಾಗಕ್ಕೆ ತೇವವಿದ್ದರೆ ಹೊಸ ಬೂಷ್ಟು ಬಂದೇ ಬರುತ್ತದೆ.

ಹಾಗಾದರೆ ಮಾಡಬೇಕಾದುದೇನು? ನಾಲ್ಕು ಹಂತಗಳಲ್ಲಿ ಹೇಳುತ್ತೇನೆ. ಇವನ್ನು ಒಣಹವೆಯ ದಿನಗಳಲ್ಲಿ, ಅಂದರೆ ಕಾರ್ತಿಕದಿಂದ ಫಾಲ್ಗುಣದವರೆಗಿನ ತಿಂಗಳುಗಳಲ್ಲಿ ಮಾಡುವುದು ಲೇಸು.

ಮೊದಲನೆಯದು ಬೇರ್ಪಡಿಸುವುದು. ಮುಗ್ಗಲು ಬರುವ ಪುಸ್ತಕಗಳನ್ನು ಉಳಿದವುಗಳಿಂದ ಬೇರೆಯಾಗಿ ಇರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ತೇವ ಒಳಗೇ ಸೆರೆಯಾಗುತ್ತದೆ; ರಟ್ಟಿನ ಪೆಟ್ಟಿಗೆ ಸಾಕು.

ಎರಡನೆಯದು ಆರಿಸುವುದು. ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ, ಪುಸ್ತಕವನ್ನು ಹಾಳೆಗಳು ಬೀಸಣಿಗೆಯಂತೆ ಅರಳುವ ಹಾಗೆ ನಿಲ್ಲಿಸಬೇಕು. ಬೆನ್ನು ಸಡಿಲವಾದ ಪುಸ್ತಕವನ್ನು ಮಲಗಿಸಿಟ್ಟು ಆಗಾಗ ಪುಟ ತಿರುವಿದರಾಯಿತು. ಫ್ಯಾನನ್ನು ಪುಸ್ತಕದ ಕಡೆಗೆ ತಿರುಗಿಸದೆ ಗೋಡೆಯ ಕಡೆಗೆ ತಿರುಗಿಸಿ, ಕೋಣೆಯ ಗಾಳಿ ಚಲಿಸುವಂತೆ ಮಾಡಬೇಕು. ತೇವ ಹೆಚ್ಚಿದ್ದರೆ ಇಪ್ಪತ್ತು ಪುಟಗಳಿಗೊಂದರಂತೆ ಒತ್ತುಕಾಗದವನ್ನೋ ಅಚ್ಚಾಗದ ಬಿಳಿಯ ನ್ಯೂಸ್‌ಪ್ರಿಂಟನ್ನೋ ಇಟ್ಟು ದಿನಕ್ಕೆರಡು ಬಾರಿ ಬದಲಾಯಿಸಬೇಕು. ಓದಿದ ದಿನಪತ್ರಿಕೆಯನ್ನು ಇಡಬಾರದು, ಅದರ ಶಾಯಿ ಹಾಳೆಗೆ ಹತ್ತುತ್ತದೆ. ಹೀಗೆ ನಾಲ್ಕೈದು ದಿನಗಳಾದರೂ ಬೇಕು. ಎಷ್ಟೋ ಪುಸ್ತಕಗಳ ಮುಗ್ಗಲು ಈ ಹಂತದಲ್ಲಿಯೇ ಅರ್ಧಕ್ಕೆ ಇಳಿದಿರುತ್ತದೆ.

ಮೂರನೆಯದು ಉಜ್ಜುವುದು. ಒದ್ದೆಯಾಗಿರುವ ಬೂಷ್ಟನ್ನು ಮುಟ್ಟಬಾರದು. ಅದು ಹಾಳೆಯೊಳಕ್ಕೆ ಮೆತ್ತಿಕೊಳ್ಳುತ್ತದೆ. ಒಣಗಿ ಪುಡಿಯಾದ ಮೇಲೆ ಮನೆಯ ಹೊರಗೆ ಕುಳಿತು, ಬಣ್ಣ ಹಚ್ಚುವ ಮೃದುವಾದ ಕುಂಚದಿಂದ, ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ನಯವಾಗಿ ಸವರಿ ಉದುರಿಸಬೇಕು. ಕೊರೋನಾ ಕಾಲದಲ್ಲಿ ಕೊಂಡ ಎನ್-95 ಮುಖಗವಸು ಮನೆಯಲ್ಲಿದ್ದರೆ ಅದರ ನಿಜವಾದ ಉಪಯೋಗ ಈಗ. ಉಬ್ಬಸದವರೂ ಮಕ್ಕಳೂ ಹತ್ತಿರ ಇರಬಾರದು. ಬೂಷ್ಟಿನ ಧೂಳು ಕೇವಲ ಕೊಳೆಯಲ್ಲ. ಅಲರ್ಜಿಯನ್ನೂ ಉಬ್ಬಸವನ್ನೂ ಕೆರಳಿಸುತ್ತದೆ. ಪುಸ್ತಕದ ಮೇಲಿನ ಪ್ರೀತಿಗಾಗಿ ಶ್ವಾಸಕೋಶವನ್ನು ಒತ್ತೆಯಿಡಬೇಕಾಗಿಲ್ಲ.

ನಾಲ್ಕನೆಯದು ಹೀರಿಸುವುದು. ಒಣಗಿ ಶುಚಿಯಾದ ಪುಸ್ತಕದಲ್ಲಿ ಉಳಿದ ವಾಸನೆಯನ್ನು ತೆಗೆಯಲು ಇದ್ದಿಲು ಅಥವಾ ಅಡುಗೆ ಸೋಡ ಸಾಕು. ಮುಚ್ಚಳವಿರುವ ದೊಡ್ಡ ಡಬ್ಬದ ತಳದಲ್ಲಿ ಒಂದು ಬಟ್ಟಲು ಇದ್ದಿಲನ್ನಿಟ್ಟು, ಅದರ ಮೇಲೆ ಜಾಲರಿಯನ್ನಿರಿಸಿ, ಪುಸ್ತಕವನ್ನು ಸ್ವಲ್ಪ ಅರಳಿಸಿ ನಿಲ್ಲಿಸಿ ಮುಚ್ಚಬೇಕು. ತೆಂಗಿನ ಚಿಪ್ಪಿನಿಂದ ತಯಾರಿಸುವ, ವಾಸನೆ ಹೀರುವ ಶಕ್ತಿಯನ್ನು ಹೆಚ್ಚಿಸಿದ 'ಆಕ್ಟಿವೇಟೆಡ್' ಇದ್ದಿಲು ಸಿಕ್ಕಿದರೆ ಉತ್ತಮ. ಅದರ ಅಸಂಖ್ಯ ಸೂಕ್ಷ್ಮ ರಂಧ್ರಗಳ ಗೋಡೆಗೆ ವಾಸನೆಯ ಕಣಗಳು ಅಂಟಿಕೊಂಡು ನಿಲ್ಲುತ್ತವೆ. ಇದ್ದಿಲಾಗಲಿ ಸೋಡವಾಗಲಿ ಪುಸ್ತಕಕ್ಕೆ ತಾಗಬಾರದು. ಪುಟಗಳ ನಡುವೆ ಸೋಡ ಉದುರಿಸುವುದಂತೂ ಕೂಡದು. ಮೂರು ದಿನಕ್ಕೊಮ್ಮೆ ತೆರೆದು ನೋಡಿ, ವಾರಕ್ಕೊಮ್ಮೆ ಇದ್ದಿಲನ್ನು ಬದಲಾಯಿಸುತ್ತ, ಎರಡು ವಾರ ತಾಳ್ಮೆಯಿಂದ ಕಾಯಬೇಕು. ಒಲೆಯ ಶಾಖ, ಕೂದಲೊಣಗಿಸುವ ಯಂತ್ರ, ಮೈಕ್ರೋವೇವ್ ಇವುಗಳ ಆತುರ ಇಲ್ಲಿ ಸಲ್ಲದು. ಮನೆಯ ಫ್ರಿಜ್ಜಿನ ಚಳಿಯಿಂದ ಬೂಷ್ಟಿನ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಬೀಜಕಣ ಸಾಯುವುದಿಲ್ಲ, ವಾಸನೆಯೂ ಹೋಗುವುದಿಲ್ಲ.

ಮಲೆನಾಡಿನ ಆ ಮನೆಯಲ್ಲಿ ಮಾಡಿದ್ದು ಇಷ್ಟೇ. ತಿಂಗಳ ಕೊನೆಗೆ ಹೆಚ್ಚಿನ ಪುಸ್ತಕಗಳು ಒಣಮರದ ವಾಸನೆಗೆ ಮರಳಿದ್ದವು. ಕೆಲವು ಉಳಿಯಲಿಲ್ಲ, ನಯಕಾಗದದ ಚಿತ್ರಪುಟಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಮೂರು ಸಂಪುಟಗಳ ಮುಗ್ಗಲು ಮಾತ್ರ ರಟ್ಟಿನಲ್ಲಿಯೇ ಕುಳಿತಿತ್ತು. ಅಂತಹ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಸುವುದು ಕೊನೆಯ ಉಪಾಯ. ಹಾಕಿಸುವಾಗ ಬೈಂಡಿನವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು: ಅಂಚು ಕತ್ತರಿಸಬೇಡಿ. ಅಂದಕ್ಕಾಗಿ ಕಾಲಂಗುಲ ಕತ್ತರಿಸಿದರೆ ಅಂಚಿನ ಟಿಪ್ಪಣಿ ಕಸದ ಬುಟ್ಟಿಗೆ ಹೋಗುತ್ತದೆ. ಹಳೆಯ ರಕ್ಷಾಪುಟವನ್ನೂ ಹೆಸರು ಬರೆದ ಮೊದಲ ಹಾಳೆಯನ್ನೂ ಎಸೆಯದೆ ಒಳಗೆ ಸೇರಿಸಿ ಹೊಲಿಯಲು ಹೇಳಬೇಕು. ಆ ಪುಸ್ತಕವನ್ನು ಯಾರು, ಯಾವಾಗ, ಎಲ್ಲಿ ಕೊಂಡರು ಎಂಬುದಕ್ಕೆ ಬೇರೆ ಸಾಕ್ಷ್ಯ ಇರುವುದಿಲ್ಲ.

ವಾಸನೆ ಹೋದ ಪುಸ್ತಕವನ್ನು ಮತ್ತೆ ಅದೇ ಬೀರುವಿನಲ್ಲಿ ಇಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬೀರುವನ್ನು ಗೋಡೆಯಿಂದ ನಾಲ್ಕು ಅಂಗುಲ ಮುಂದಕ್ಕೆ ಸರಿಸಬೇಕು. ಮಳೆ ಹೊಡೆಯುವ ಗೋಡೆಯಾದರೆ ಬೇರೆ ಗೋಡೆಗೆ ಒಯ್ಯಬೇಕು. ಕೆಳಗಿನ ಹಲಗೆ ನೆಲದಿಂದ ಗೇಣು ಮೇಲಿರಲಿ. ಪುಸ್ತಕಗಳನ್ನು ಬೆರಳು ತೂರದಷ್ಟು ಬಿಗಿಯಾಗಿ ತುರುಕಬಾರದು. ಬೀಗ ಹಾಕಿ ಮರೆತ ಕಬ್ಬಿಣದ ಬೀರುವಿಗಿಂತ ದಿನವೂ ಕೈಯಾಡುವ ತೆರೆದ ಹಲಗೆ ಮೇಲು. ಆರ್ದ್ರತೆಯನ್ನು ತೋರಿಸುವ ಗಡಿಯಾರದಂತಹ ಸಣ್ಣ ಮಾಪಕಗಳು ಹೆಚ್ಚಿನ ಬೆಲೆಯವಲ್ಲ. ಒಂದನ್ನು ಪುಸ್ತಕಗಳ ನಡುವೆ ಇಟ್ಟರೆ ಮೂಗು ಹೇಳುವುದಕ್ಕೆ ಮೊದಲೇ ಅದು ಹೇಳುತ್ತದೆ.

ಈ ಸಂದರ್ಭದಲ್ಲಿ ನಮ್ಮ ಹಿರಿಯರ ಎರಡು ಆಚರಣೆಗಳು ನೆನಪಿಗೆ ಬರುತ್ತವೆ. ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಷಟ್‌ಖಂಡಾಗಮವು ಗ್ರಂಥರೂಪಕ್ಕೆ ಬಂದುದರ ನೆನಪಿನ ದಿನ ಅದು. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜಿಸುವುದು ಪದ್ಧತಿ. ಆ ಆಗಮದ ಟೀಕೆಗಳಾದ ಧವಲಾದಿ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದು ಬಂದದ್ದು ನಮ್ಮ ಮೂಡುಬಿದಿರೆಯಲ್ಲಿ, ಮಳೆಯ ಸೀಮೆಯ ನಟ್ಟನಡುವೆ ಎಂಬುದು ಗಮನಾರ್ಹ. ಇನ್ನೊಂದು, ನವರಾತ್ರಿಯ ಸರಸ್ವತೀಪೂಜೆ. ಅಂದು ಮನೆಯ ಪುಸ್ತಕಗಳೆಲ್ಲ ಹೊರಬರುತ್ತವೆ. ಜ್ಯೇಷ್ಠದ ಪಂಚಮಿ ಮುಂಗಾರಿನ ಬಾಗಿಲಲ್ಲಿದೆ, ಆಶ್ವಯುಜದ ಪೂಜೆ ಮಳೆಗಾಲದ ಹಿಂಬಾಗಿಲಲ್ಲಿದೆ. ಆಚರಣೆಗಳನ್ನು ಏರ್ಪಡಿಸಿದವರ ಉದ್ದೇಶ ಇದೇ ಆಗಿತ್ತೆಂದು ನಾನು ಸಾಧಿಸಹೋಗುವುದಿಲ್ಲ. ಫಲವಂತೂ ಇದೇ: ಮಳೆಗೆ ಮೊದಲೊಮ್ಮೆ, ಮಳೆಯ ತರುವಾಯ ಒಮ್ಮೆ ಗ್ರಂಥ ಗಾಳಿಯನ್ನು ಕಾಣುತ್ತಿತ್ತು. ಈಗ ನಾವು ಸರಸ್ವತೀಪೂಜೆಗೆ ಮೇಲಿನ ನಾಲ್ಕು ಪುಸ್ತಕಗಳನ್ನು ಇಟ್ಟು ಕುಂಕುಮ ಹಚ್ಚುತ್ತೇವೆ. ಬೀರು ಮುಚ್ಚಿಯೇ ಇರುತ್ತದೆ.

ನೆರೆಯಲ್ಲಿ ನೆನೆದ ಪುಸ್ತಕಗಳ ವಿಷಯವನ್ನೂ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೂ ಶಾಲೆಗಳಿಗೂ ನೀರು ನುಗ್ಗಿತು. ಇಂತಹ ಆಪತ್ತಿನ ದೊಡ್ಡ ಪಾಠ ಜಗತ್ತಿಗೆ ದೊರೆತದ್ದು ಇಟಲಿಯ ಫ್ಲಾರೆನ್ಸಿನಲ್ಲಿ. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಲಕ್ಷಗಟ್ಟಲೆ ಗ್ರಂಥಗಳು ಕೆಸರಿನಲ್ಲಿ ಮುಳುಗಿದವು. ದೇಶವಿದೇಶಗಳಿಂದ ಬಂದ ತರುಣರು ಅವನ್ನು ಕೈಯಿಂದ ಕೈಗೆ ದಾಟಿಸಿ ಹೊರತೆಗೆದರು. ಹೊಗೆಸೊಪ್ಪು ಒಣಗಿಸುವ ಗೂಡುಗಳಲ್ಲಿಯೂ ಗ್ರಂಥಗಳನ್ನು ಒಣಗಿಸಿದರು. ನೆನೆದ ಪುಸ್ತಕಕ್ಕೆ ಎರಡು ದಿನದೊಳಗೆ ಬೂಷ್ಟು ಹತ್ತತೊಡಗುತ್ತದೆ. ಆದುದರಿಂದ ನೀರು ಇಳಿದ ಮೇಲೆ ಮೊದಲ ನಲವತ್ತೆಂಟು ಗಂಟೆಗಳೇ ನಿರ್ಣಾಯಕ. ಒಣಗಿಸಲು ಕೈಗಳು ಸಾಲದಿದ್ದರೆ, ಆರಿಸುವ ತನಕ ಘನಶೀತಲ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟು ಕಾಲವನ್ನು ಗಳಿಸಿಕೊಳ್ಳಬಹುದು.

ಶ್ರೋತೃಗಳೆ, ಮನೆಯ ಹಿರಿಯರೊಬ್ಬರು ತೀರಿಕೊಂಡ ವರ್ಷದಲ್ಲಿಯೇ ಅವರ ಪುಸ್ತಕಗಳ ಗತಿಯೂ ತೀರ್ಮಾನವಾಗಿಬಿಡುತ್ತದೆ. ಆ ತೀರ್ಮಾನವನ್ನು ಮೂಗಿಗೆ ಬಿಡಬೇಡಿ. ಇಟ್ಟುಕೊಳ್ಳುವುದೋ, ಗ್ರಂಥಾಲಯಕ್ಕೆ ಕೊಡುವುದೋ, ವಿಲೇವಾರಿ ಮಾಡುವುದೋ ನಿಮ್ಮ ಇಚ್ಛೆ. ಆದರೆ ಮೊದಲು ಒಂದು ತಿಂಗಳು ಪುಸ್ತಕಕ್ಕೆ ಗಾಳಿ ಕೊಡಿ, ಬಳಿಕ ಅದನ್ನು ತೆರೆದು ಓದಿ ನೋಡಿ, ಆಮೇಲೆ ತೀರ್ಮಾನಿಸಿ. ಒಂದು ಕುಂಚ, ಒಂದು ಬಟ್ಟಲು ಇದ್ದಿಲು, ಸ್ವಲ್ಪ ನೆರಳು ಇವು ಯಾರ ಮನೆಯಲ್ಲಿ ಇಲ್ಲ? ಓದುತ್ತಿರುವ ಪುಸ್ತಕಕ್ಕೆ ಮುಗ್ಗಲು ಹಿಡಿಯುವುದು ಅಪರೂಪ. ದಿನವೂ ಪುಟ ತಿರುವುವ ಕೈಗಿಂತ ಒಳ್ಳೆಯ ಗಾಳಿ ಅದಕ್ಕೆ ಬೇರೆ ಬೇಕಾಗಿಲ್ಲ.